ಕನ್ನಡಿ ಮೇಸ್ತ್ರಿಯ ಇಂಗುಗುಂಡಿ

ಆ ಬಾಡಿಗೆ ಮನೆಯಲ್ಲಿ ತರಕಾರಿ ಹೆಚ್ಚುವ ಚಾಕು ಸಿಗದೆ ವಾರವೇ ಆಗಿತ್ತು. ಎಲ್ಲಿ ಸಿಗಬೇಕು? ಅರ್ಧ ಮನೆ ರಟ್ಟಿನ ಡಬ್ಬಗಳ ಹೊಟ್ಟೆಯೊಳಗಿತ್ತು. ಇವತ್ತು ಹೋಗುತ್ತೇವೆ, ನಾಳೆ ಹೋಗುತ್ತೇವೆ ಎಂದು ಸೊಸೆ ಕೈಗೆ ಸಿಕ್ಕಿದ್ದನ್ನೆಲ್ಲ ಕಟ್ಟಿಟ್ಟಿದ್ದಳು. ಕಟ್ಟಿದ್ದಷ್ಟೇ ಬಂತು, ಹೋಗುವುದು ಮಾತ್ರ ಆಗಿರಲಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಚಮಚದ ಅಂಚಿನಿಂದ ಆಲೂಗಡ್ಡೆ ಕೆರೆಯುತ್ತಿದ್ದರು.

"ಚಾಕು ಯಾವ ಡಬ್ಬಕ್ಕೆ ಹಾಕಿದೆ ಅಂತ ನೆನಪಾಯ್ತೇನಮ್ಮ?"

"ಹೊಸ ಮನೆಗೆ ಹೋದ್ಮೇಲೆ ಸಿಗುತ್ತೆ ಬಿಡಿ ಅತ್ತೆ."

"ಅಷ್ಟು ಹೊತ್ತಿಗೆ ನನ್ನ ಬಾಯಲ್ಲಿ ಹಲ್ಲೇ ಇರಲ್ಲ. ಗಂಜಿಗೆ ಚಾಕು ಯಾಕೆ?"

ಹೊಸ ಮನೆ ಎರಡು ಬೀದಿ ಆಚೆ, ಇಳಿಜಾರಿನ ಮೇಲ್ತುದಿಯಲ್ಲಿತ್ತು. ಗೋಡೆ ಎದ್ದಿತ್ತು, ಬಣ್ಣ ಒಣಗಿತ್ತು, ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಬಾರದೆ ಉಳಿದದ್ದು ಊರ ಕಚೇರಿಯ ಒಪ್ಪಿಗೆ ಪತ್ರ ಒಂದೇ. ಅದಿಲ್ಲದೆ ಅಲ್ಲಿ ಒಂದು ಚಾಪೆ ಹಾಸುವ ಹಾಗಿರಲಿಲ್ಲ. ಈ ಕಡೆ ಬಾಡಿಗೆ ಮನೆಯ ಯಜಮಾನತಿಯ ಮಗಳು ತಿಂಗಳ ಕೊನೆಗೆ ಮಕ್ಕಳ ಸಮೇತ ಬರುವವಳಿದ್ದಳು, ಮನೆ ಅವಳಿಗೆ ಬೇಕಿತ್ತು. ಆಕೆ ದಿನಾ ಮೆಟ್ಟಿಲ ಮೇಲೆ ನಿಂತು, "ಸಾಮಾನೆಲ್ಲ ಕಟ್ಟಿಬಿಟ್ಟಿದ್ದೀರಲ್ಲ, ಒಳ್ಳೇದಾಯ್ತು," ಎಂದು ನಗುವಳು. ಆ ನಗು ಕಂಡರೆ ಸೊಸೆಗೆ ಮೈ ಉರಿಯುತ್ತಿತ್ತು.

ಎಲ್ಲವೂ ಒಂದು ಗುಂಡಿಯ ಮೇಲೆ ನಿಂತಿತ್ತು. ಮೇಲ್ಬೀದಿಯಲ್ಲಿ ಸಾಲುಸಾಲು ಮನೆಗಳು ಎದ್ದ ಮೇಲೆ, ಮೊದಲು ಮಣ್ಣಿಗೆ ಇಂಗುತ್ತಿದ್ದ ಮಳೆ ತಾರಸಿಯಿಂದ, ಸಿಮೆಂಟು ಅಂಗಳದಿಂದ ಜಾರಿ ನೆಟ್ಟಗೆ ಕೆಳಬೀದಿಯ ಅಂಗಡಿಗಳಿಗೆ ನುಗ್ಗುತ್ತಿತ್ತು. ಅದಕ್ಕೇ ಕಚೇರಿಯವರು ನಿಯಮ ಮಾಡಿದ್ದರು. ಹೊಸ ಮನೆ ಕಟ್ಟುವವರು ತಮ್ಮ ಸೈಟಿನ ಮಳೆನೀರನ್ನು ಬೀದಿಗೆ ಬಿಡಬಾರದು. ತಗ್ಗಿನ ಮೂಲೆಯಲ್ಲಿ ಇಂಗುಗುಂಡಿ ತೋಡಿ, ಸುತ್ತ ಸಂದಿ ಬಿಟ್ಟು ಕಲ್ಲು ಪೇರಿಸಿ, ತಳಕ್ಕೆ ಜಲ್ಲಿ ಹಾಕಿ, ತಾರಸಿಯ ನೀರನ್ನೆಲ್ಲ ಅಲ್ಲಿಗೆ ತಿರುಗಿಸಬೇಕು. ಅದು ಅಲ್ಲಿಂದ ನೆಲದೊಳಗೆ ಇಳಿದುಹೋಗಬೇಕು. ಕಚೇರಿಯವರು ಬಂದು ಗುಂಡಿಗೆ ಟ್ಯಾಂಕರ್ ನೀರು ಸುರಿಸಿ ಮರುದಿನ ನೋಡುತ್ತಾರೆ. ನೀರು ಇಳಿದಿದ್ದರೆ ಪತ್ರ, ಇಲ್ಲವೆಂದರೆ ಇಲ್ಲ.

"ಗುಂಡಿ ಪಾಸಾಗ್ಬೇಕಂತೆ, ಆಮೇಲೆ ನಾವು ಪಾಸಾಗ್ಬೇಕಂತೆ," ಎಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಗೊಣಗುತ್ತಿದ್ದ.

ಗುಂಡಿಯ ವಿಷಯದಲ್ಲಿ ಸೊಸೆಗೇನೂ ಚಿಂತೆ ಇರಲಿಲ್ಲ. ಅದನ್ನು ಅವಳು ಮಾವನಿಗೆ ಒಪ್ಪಿಸಿದ್ದಳು. ಮಾವನೆಂದರೆ ಕನ್ನಡಿ ಮೇಸ್ತ್ರಿ. ಆಯುಷ್ಯವೆಲ್ಲ ಪ್ಲಾಸ್ಟರ್ ಕೆಲಸ ಮಾಡಿದವರು. ನೀರಿನ ತೊಟ್ಟಿ, ಬಚ್ಚಲು, ಟ್ಯಾಂಕು ಎಂದರೆ ಜನ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಕರಣೆ ಆಡಿದ ಕಡೆ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಕೆಲಸಗಾರರು ಇಟ್ಟ ಹೆಸರು ಅದು. ಈಚೆಗೆ ಅವರ ಕೈ ನಡುಗತೊಡಗಿತ್ತು. ಚಹಾ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಅಂಗಿಗೆ ಹೋಗುತ್ತಿತ್ತು.

ಮನೆ ಕಟ್ಟಲು ಶುರು ಮಾಡಿದಾಗ, "ಪ್ಲಾಸ್ಟರ್ ನಾನೇ ಮಾಡ್ತೀನಿ," ಎಂದಿದ್ದರು. ಮಗ ಮುಖಕ್ಕೆ ಹೊಡೆದ ಹಾಗೆ, "ನಿನ್ನ ಕೈ ನಡುಗುತ್ತೆ ಅಪ್ಪ. ಗೋಡೆ ಅಲೆ ಅಲೆ ಆದ್ರೆ ನಾನ್ ಏನ್ ಮಾಡ್ಲಿ?" ಎಂದುಬಿಟ್ಟ. ಬೇರೆಯವರು ಬಂದರು. ಮಾವ ದಿನವೂ ಹೋಗಿ ಅವರ ಬೆನ್ನ ಹಿಂದೆ ನಿಂತು, ಇಲ್ಲಿ ಉಬ್ಬಿದೆ, ಅಲ್ಲಿ ತಗ್ಗಿದೆ ಎಂದು ತಲೆ ತಿಂದರು. ಒಂದು ದಿನ ಅವರು ಕರಣೆ ಕೆಳಗಿಟ್ಟು, "ಈ ಯಜಮಾನ್ರು ಇರ್ಬೇಕು, ಇಲ್ಲ ನಾವಿರ್ಬೇಕು," ಎಂದರು. ಆಗ ಸೊಸೆಯೇ ಉಪಾಯ ಹುಡುಕಿದ್ದು.

"ಮಾವ, ಗೋಡೆ ಅವ್ರು ನೋಡ್ಕೊಳ್ಳಲಿ. ಆ ಮೂಲೇಲಿ ಗುಂಡಿ ಇದ್ಯಲ್ಲ, ಅದು ಪೂರ್ತಿ ನಿಮ್ದು. ನೀವೇ ನೋಡ್ಕೋಬೇಕು."

ಅಳುವ ಮಗುವಿನ ಕೈಗೆ ಕೀಲಿಗೊಂಚಲು ಕೊಟ್ಟ ಹಾಗೆ ಕೊಟ್ಟಿದ್ದಳು. ಗುಂಡಿ ಏತಕ್ಕೆಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅಂದಿನಿಂದ ಮಾವ ಊಟವಾದ ಮೇಲೆ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು. ಯಾರ ತಂಟೆಗೂ ಹೋಗಲಿಲ್ಲ. "ಈ ಮನುಷ್ಯ ಗುಂಡಿ ಕಾಯೋಕೆ ಹೋಗಿ ಮದುವೆ ಗಂಡಿನ ಹಾಗೆ ವಾಪಸ್ ಬರ್ತಾರಲ್ಲ, ಏನ್ ಸಮಾಚಾರ?" ಎಂದು ಅತ್ತೆ ನಗುತ್ತಿದ್ದರು. ಸೊಸೆಗೆ ತನ್ನ ಜಾಣತನದ ಮೇಲೆ ತನಗೇ ಹೆಮ್ಮೆ.

ಕಚೇರಿಯಿಂದ ಬಂದ ಇನ್‌ಸ್ಪೆಕ್ಟರಮ್ಮ ರಬ್ಬರ್ ಬೂಟು ಹಾಕಿದ್ದರು. ನೆಲ ನೋಡಿದಷ್ಟು ಮನುಷ್ಯರ ಮುಖ ನೋಡುವವರಲ್ಲ. ಮೊದಲ ದಿನ ಗುಂಡಿಯ ಮೇಲಿನ ಚಪ್ಪಡಿಯನ್ನು ಪೈಪು ತೂರುವಷ್ಟೇ ಸರಿಸಿ ಟ್ಯಾಂಕರ್ ಖಾಲಿ ಮಾಡಿಸಿ ಹೋದರು. ಮರುದಿನ ಬೆಳಗ್ಗೆ ಚಪ್ಪಡಿ ಪೂರ್ತಿ ತೆಗೆಸಿದರು. ಸೊಸೆ ಔಷಧಿ ಅಂಗಡಿಯ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಬಗ್ಗಿ ನೋಡಿದಳು. ನೀರು ಹಾಕಿದ್ದು ಹಾಕಿದ ಹಾಗೇ ಇತ್ತು.

ಇನ್‌ಸ್ಪೆಕ್ಟರಮ್ಮ ಉದ್ದನೆ ಕೋಲು ಇಳಿಬಿಟ್ಟು ತಳ ಕುಟ್ಟಿದರು. ಟಣ್ ಎಂದಿತು. ಬದಿಗೆ ಕುಟ್ಟಿದರು, ಅಲ್ಲೂ ಟಣ್.

"ಇದು ಇಂಗುಗುಂಡಿ ಅಲ್ಲ, ಟ್ಯಾಂಕು. ಕಲ್ಲಿನ ಸಂದಿಯೆಲ್ಲ ಮುಚ್ಚಿ ಪ್ಲಾಸ್ಟರ್ ಮಾಡಿದೀರಿ. ತಳಕ್ಕೂ ಬಿಟ್ಟಿಲ್ಲ. ಯಾರ್ರೀ ಮಾಡಿದ್ದು ಇದನ್ನ?"

ಸೊಸೆ ತಿರುಗಿ ನೋಡಿದರೆ ಮಾವ ಅಂಗಿಯ ತೋಳು ಇಳಿಸಿಕೊಂಡು ಮುಂದೆ ಬರುತ್ತಿದ್ದರು, ಮುಖ ತುಂಬ ನಗು. ಹೊಗಳಲು ಕರೆಯುತ್ತಿದ್ದಾರೆ ಎಂದುಕೊಂಡಿದ್ದರು ಪಾಪ. ಅವರು ಬಾಯಿ ತೆರೆಯುವ ಮೊದಲೇ ಗಂಡ ಹೇಳಿಬಿಟ್ಟ:

"ಯಾವನೋ ಕೂಲಿಯವನು ಮೇಡಂ. ತಲೆ ಇಲ್ದೋನು. ನಮಗೆ ಗೊತ್ತೇ ಇಲ್ಲ."

ಗೊತ್ತಿಲ್ಲದೆ ಏನು? ಆ ದುಂಡನೆ ಮೂಲೆಗಳನ್ನು, ಆ ನುಣುಪನ್ನು ನೋಡಿಕೊಂಡೇ ಅವನು ಬೆಳೆದದ್ದು. ಮಾವ ಇದ್ದಲ್ಲೇ ನಿಂತರು. ಇಳಿಸಿದ ತೋಳನ್ನು ಮತ್ತೆ ಮಡಚುತ್ತ ಗೋಡೆಯ ಕಡೆಗೆ ತಿರುಗಿಕೊಂಡರು.

"ಒಡೆಸಿ. ಒಂದು ಚೂರೂ ಇರಬಾರದು," ಎಂದರು ಇನ್‌ಸ್ಪೆಕ್ಟರಮ್ಮ. "ತಿಂಗಳ ಕೊನೆಯೊಳಗೆ ಇನ್ನೊಂದು ಸಲ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಮಳೆಗಾಲ ಮುಗಿದ ಮೇಲೇನೇ."

ರಾತ್ರಿ ಊಟಕ್ಕೆ ಕೂತಾಗ ಅನ್ನ ಬಡಿಸುವುದಕ್ಕೂ ಪುರಸೊತ್ತಿಲ್ಲದೆ ಜಗಳ ಶುರುವಾಯಿತು.

"ಯಾರಪ್ಪಾ ನಿನಗೆ ಹೇಳಿದ್ದು ಅದಕ್ಕೆ ಕೈ ಹಾಕೋಕೆ?"

"ಗುಂಡಿ ನನ್ದು."

"ನಿನ್ದಾ?"

"ನಿನ್ನ ಹೆಂಡ್ತೀನ ಕೇಳು."

ಸೊಸೆ ಅನ್ನದ ಪಾತ್ರೆ ಕೆಳಗಿಟ್ಟಳು. "ನಾನೇ ಹೇಳಿದ್ದು ರೀ. ಗುಂಡಿ ನೋಡ್ಕೊಳ್ಳಿ ಅಂದೆ. ಪ್ಲಾಸ್ಟರ್ ಮಾಡಿ ಅನ್ಲಿಲ್ಲ."

"ಪ್ಲಾಸ್ಟರ್ ಮೇಸ್ತ್ರಿಗೆ ಗುಂಡಿ ನೋಡ್ಕೊಳ್ಳಿ ಅಂದ್ರೆ ಇನ್ನೇನ್ ಮಾಡ್ತಾರಮ್ಮ?" ಎಂದರು ಅತ್ತೆ. "ಪಕ್ಕದಲ್ಲಿ ಕೂತು ಜೋಗುಳ ಹಾಡ್ತಾರಾ?"

"ನೀನು ಸುಮ್ನಿರಮ್ಮ!"

"ಕಲ್ಲು ಪೇರಿಸಿ ಸಂದಿ ಸಂದಿ ಬಿಟ್ಟು ಹೋಗಿದ್ರು ಸೋಮಾರಿಗಳು," ಎಂದರು ಮಾವ. "ಕೈ ತೂರೋ ಅಷ್ಟು ಸಂದಿ. ಅದನ್ನ ನೋಡ್ಕೊಂಡು ಹಾಗೇ ಬರ್ಲಾ? ಜಲ್ಲಿ ಎಲ್ಲ ಎತ್ತಿ ಗೋಡೆ ಪಕ್ಕ ರಾಶಿ ಹಾಕಿ, ಅಂಗೈ ಅಗಲ ಅಂಗೈ ಅಗಲ ಮಾಡ್ತಾ ಬಂದೆ. ನಡುಗೋ ಕೈಯಲ್ಲೇ ಮಾಡಿದೀನಿ. ಜನ್ಮವೆಲ್ಲ ಸೋರುತ್ತೆ ಅಂತ ಬೈಸ್ಕೊಂಡಿದೀನಿ. ಸೋರಲ್ಲ ಅಂತ ಬೈಸ್ಕೊಂಡಿದ್ದು ಇವತ್ತೇ."

ಅತ್ತೆ ಪಕ್ಕನೆ ನಕ್ಕರು. ಬೇರೆ ಯಾರೂ ನಗಲಿಲ್ಲ.

"ಬೈದಿದ್ದಕ್ಕೆ ಬೇಜಾರಿಲ್ಲ ಕಣೋ," ಎಂದು ಮಾವ ತಟ್ಟೆ ಸರಿಸಿದರು. "ಯಾವನೋ ಕೂಲಿಯವನು ಅಂದ್ಯಲ್ಲ."

ಅಂದಿನಿಂದ ಅಪ್ಪ ಮಗನ ಮಾತು ನಿಂತಿತು. "ಉಪ್ಪು ಕೊಡೋಕೆ ಹೇಳು ನಿನ್ನ ಮಗನಿಗೆ." "ಡಬ್ಬ ಖಾಲಿ ಅಂತ ಹೇಳು ನಿನ್ನ ಗಂಡನಿಗೆ." ಅತ್ತೆ ನಡುವೆ ಕೂತು, "ನಿಮ್ಮಿಬ್ಬರ ಮಾತು ಹೊತ್ತು ಹೊತ್ತು ನನ್ನ ಸೊಂಟ ಬಿತ್ತು," ಎನ್ನುವರು. ಮಗ ಒಡೆಯುವ ಮಿಷನ್ನಿನವನನ್ನು ಕರೆದುಕೊಂಡು ಹೋದರೆ ಮಾವ ಆಗಲೇ ಚಪ್ಪಡಿಯ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದರು.

"ಮನೆ ಪೂರ್ತಿ ಅವನ್ದು, ಇದೊಂದು ನನ್ದು. ಇದರ ಮೇಲೆ ಮಿಷನ್ ಇಡೋದಾದ್ರೆ ಮೊದಲು ನನ್ನ ಮೇಲೆ ಇಡು ಅಂತ ಹೇಳಪ್ಪಾ ಅವನಿಗೆ," ಎಂದರು ಮಿಷನ್ನಿನವನಿಗೆ. ಅವನು ಇಬ್ಬರ ಮುಖವನ್ನೂ ನೋಡಿ, ನಿಮ್ಮ ಮನೆ ಜಗಳ ಮುಗಿದ ಮೇಲೆ ಹೇಳಿ ಕಳಿಸಿ ಎಂದು ಮಿಷನ್ ಹೊತ್ತುಕೊಂಡು ಹೋದ.

ಸೊಸೆಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಂಗಡಿಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ ಹೊಟ್ಟೆನೋವಿನ ಮಾತ್ರೆ ಕೊಟ್ಟು ಬೈಸಿಕೊಂಡಳು. ಮನೆಗೆ ಬಂದರೆ ಮೆಟ್ಟಿಲ ಮೇಲೆ ಯಜಮಾನತಿ. ಒಳಗೆ ಹೋದರೆ ಡಬ್ಬಗಳಿಗೆ ಎಡವಬೇಕು. ಮೋಡ ಬೇರೆ ದಿನವೂ ಕಟ್ಟುತ್ತಿತ್ತು. ಒಂದು ಸಂಜೆ ಮಾವನ ಪಕ್ಕ ಹೋಗಿ ಕೂತಳು.

"ಮಾವ, ಆ ಗುಂಡೀಲಿ ನೀರು ನಿಲ್ಲಬಾರದು. ಇಳಿದು ಹೋಗ್ಬೇಕು. ಇಲ್ದಿದ್ರೆ ನಮ್ಮ ನೀರು ಕೆಳಗಿನವರ ಮನೆಗೆ ಹೋಗುತ್ತೆ, ಅದಕ್ಕೇ ಅದನ್ನ ಮಾಡೋದು."

"ಈಗ ಹೇಳ್ತಿದ್ದೀಯ. ಕೊಡುವಾಗ ಯಾಕೆ ಹೇಳ್ಲಿಲ್ಲ?"



ಮೋಡ ಒಡೆದದ್ದು ಒಂದು ಮಧ್ಯಾಹ್ನ. ಸುರಿಯಿತು ನೋಡಿ, ಕೊಡೆ ಇದ್ದವರಿಗೂ ಒಂದೇ, ಇಲ್ಲದವರಿಗೂ ಒಂದೇ. ಸೊಸೆ ಅಂಗಡಿಯಿಂದಲೇ ಹೊಸ ಮನೆಗೆ ಓಡಿದಳು. ಗಂಡ ಡಿಪೋದ ಎಣ್ಣೆ ಬಟ್ಟೆಯಲ್ಲೇ ಬಂದಿದ್ದ. ಮಾವ ಅತ್ತೆಯೂ ಬಂದರು. ಟ್ಯಾಂಕರ್ ನೀರು ಹಾಗೇ ತುಂಬಿಕೊಂಡಿದ್ದ ಗುಂಡಿಗೆ ಈಗ ತಾರಸಿಯ ನೀರೆಲ್ಲ ಬಂದು ಬೀಳುತ್ತಿತ್ತು. ಚಪ್ಪಡಿಯ ಸುತ್ತ ಉಕ್ಕಿ, ಗೇಟು ದಾಟಿ, ಬೀದಿಗೆ ಇಳಿದು ಓಡುತ್ತಿತ್ತು. ಗಂಡ ಹೆಂಡತಿ ಬಕೆಟ್ ಹಿಡಿದು ಎತ್ತಿದರು. ಎತ್ತಿ ಎಲ್ಲಿ ಚೆಲ್ಲಬೇಕು? ಅಂಗಳಕ್ಕೆ ಚೆಲ್ಲಿದರೆ ಮತ್ತೆ ಗುಂಡಿಗೆ, ಬೀದಿಗೆ ಚೆಲ್ಲಿದರೆ ಕೆಳಬೀದಿಗೆ. ತುಂಬಿದ ಬಕೆಟ್ ಹಿಡಿದುಕೊಂಡು ಇಬ್ಬರೂ ಮುಖ ಮುಖ ನೋಡಿಕೊಂಡರು.

ಮಳೆ ನಿಲ್ಲುವ ಹೊತ್ತಿಗೆ ಕೆಳಬೀದಿಯ ಟೈಲರ್ ಪ್ಯಾಂಟು ಮಡಚಿಕೊಂಡು ಬೀದಿ ಹತ್ತಿ ಬಂದ. ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು.

"ಯಾರ್ರೀ ಈ ಮನೆಯವರು? ನೀರು ಹಿಂದೆ ಹಿಂದೆ ಹೋದ್ರೆ ನಿಮ್ಮ ಗೇಟಿಗೇ ಬರುತ್ತಲ್ರೀ! ಬನ್ನಿ, ಬಂದು ನೋಡಿ ನನ್ನ ಅಂಗಡಿ!"

ಗಂಡ ಏನೋ ಸಮಜಾಯಿಷಿ ಹೇಳಲು ಹೋದ. ಮಾವ ಒಂದು ಮಾತೂ ಆಡದೆ ಟೈಲರನ ಹಿಂದೆ ಇಳಿದು ಹೊರಟರು. ಜಾರಿ ಬಿದ್ದಾರು ಎಂದು ಸೊಸೆ ಅವರ ಹಿಂದೆ ಓಡಿದಳು.

ಅಂಗಡಿಯೊಳಗೆ ಪಾದ ಮುಳುಗುವಷ್ಟು ಕೆಸರು ನೀರು. ಶಾಲೆಯ ಯೂನಿಫಾರಮ್ಮಿಗೆಂದು ಕತ್ತರಿಸಿ ನೆಲದ ಮೇಲೆ ಜೋಡಿಸಿಟ್ಟಿದ್ದ ಬಟ್ಟೆ ತೇಲುತ್ತಿತ್ತು, ಒಂದು ಕಡೆ ತೋಳುಗಳು, ಒಂದು ಕಡೆ ಕಾಲರುಗಳು. ಮಾವ ಬಗ್ಗಿ ಒಂದು ತೋಳನ್ನು ಎತ್ತಿದರು, ಹಿಂಡಿದರು, ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದರು. ಆಮೇಲೆ ಇನ್ನೊಂದು. ಕೈ ನಡುಗುತ್ತಿತ್ತು, ಆದರೂ ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಇಡುತ್ತಿದ್ದರು.

"ಬಿಡಿ ಯಜಮಾನ್ರೇ," ಎಂದ ಟೈಲರ್. ಅವನ ಸಿಟ್ಟು ಅರ್ಧ ಇಳಿದಿತ್ತು. "ಬಣ್ಣ ಬಿಟ್ಟಿದೆ. ಎಲ್ಲ ಮತ್ತೆ ಮೊದಲಿಂದ ಕತ್ತರಿಸ್ಬೇಕು."

"ಚೆನ್ನಾಗಿ ಕತ್ತರಿಸಿದ್ದೀಯ ಕಣಪ್ಪ," ಎಂದರು ಮಾವ. "ನನ್ನ ನೀರು ಕೆಡಿಸ್ತು."

ಬೀದಿ ಹತ್ತಿ ಬಂದ ಮಾವ ಬಾಡಿಗೆ ಮನೆಯ ತಿರುವಿನಲ್ಲಿ ನಿಂತು ಕೇಳಿದರು:

"ನನ್ನ ಉಳಿ ಸುತ್ತಿಗೆ ಯಾವ ಡಬ್ಬದಲ್ಲಿ ಕಟ್ಟಿದ್ದೀಯಮ್ಮ?"

ಅವಳಿಗೆ ನೆನಪಿದ್ದರೆ ತಾನೆ? ಕಟ್ಟಿಟ್ಟ ಡಬ್ಬಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಸುರಿದಳು. ಚಾದರದ ಒಳಗೆ ಚಪ್ಪಲಿ, ಚಪ್ಪಲಿಯ ಕೆಳಗೆ ಸೌಟು. ಕೊನೆಗೆ ಹಳೆ ಬಾಣಲೆಯೊಳಗೆ ಉಳಿ, ಸುತ್ತಿಗೆ, ಅದರ ಪಕ್ಕದಲ್ಲೇ ತರಕಾರಿ ಚಾಕು. ಅತ್ತೆ ಚಾಕುವನ್ನು ಎತ್ತಿಕೊಂಡು, "ಅಬ್ಬಾ, ಇವತ್ತು ಮನುಷ್ಯರ ಹಾಗೆ ಅಡುಗೆ ಮಾಡಬಹುದು," ಎಂದರು.

ಮರುದಿನ ಗಂಡ ಡಿಪೋಗೆ ಹೋದ ಮೇಲೆ ಮಾವ ಸೊಸೆ ಇಬ್ಬರೂ ಸೇರಿ ಗುಂಡಿಯ ನೀರನ್ನು ಎತ್ತಿ ಬಾಡಿಗೆಗೆ ತಂದ ಡ್ರಮ್ಮುಗಳಿಗೆ ತುಂಬಿದರು. ಖಾಲಿಯಾದ ಗುಂಡಿಯೊಳಗೆ ಸೊಸೆ ಮೊದಲ ಸಲ ಸರಿಯಾಗಿ ನೋಡಿದಳು. ಅಯ್ಯೋ ದೇವರೇ, ಎಂಥ ಕೆಲಸ! ಎಲ್ಲೂ ಒಂದು ಗೆರೆ ಇಲ್ಲ, ಒಂದು ಬಿರುಕಿಲ್ಲ. ಹೊಸ ಮನೆಯ ಯಾವ ಗೋಡೆಯೂ ಅಷ್ಟು ಚೆಂದ ಇರಲಿಲ್ಲ. ಅದನ್ನು ನೋಡಿ ಅವಳಿಗೆ ಅಳು ಬಂತು.

ಮಾವ ಏಣಿ ಇಳಿದು ತಳದಲ್ಲಿ ಕೂತರು. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಉಳಿ. ಸುತ್ತಿಗೆ ಮಾತು ಕೇಳುತ್ತಿತ್ತು, ಉಳಿ ಕೇಳುತ್ತಿರಲಿಲ್ಲ. ತುದಿ ಪ್ಲಾಸ್ಟರಿನ ಮೇಲೆ ಕುಣಿಯುತ್ತಿತ್ತು. ಒಂದೇಟು ಹೆಬ್ಬೆರಳಿಗೇ ಬಿತ್ತು. ಸೊಸೆ ಸೆರಗು ಸಿಕ್ಕಿಸಿ ಇಳಿದಳು.

"ಕೊಡಿ ಮಾವ. ನಾನು ಹಿಡ್ಕೋತೀನಿ."

"ಬೇಡಮ್ಮ. ನಿನ್ನ ಕೈ ಹೋದೀತು."

"ಗುಂಡಿ ಕೊಟ್ಟೋಳು ನಾನು. ಕೈಯೂ ನಾನೇ ಕೊಡ್ತೀನಿ."

ಅವರು ಉಳಿ ಕೊಟ್ಟರು. "ಕಣ್ಣು ಮುಚ್ಬೇಡ. ಸುತ್ತಿಗೆ ನೋಡ್ಬೇಡ. ಉಳಿ ತುದಿ ನೋಡು."

ಸುತ್ತಿಗೆ ಮೇಲೆದ್ದಾಗ ಗಡಗಡ ನಡುಗುತ್ತಿತ್ತು. ಇಳಿಯುವಾಗ ನಡುಗಲಿಲ್ಲ. ಏಟು ಉಳಿಯ ತಲೆಗೇ ಬಿತ್ತು. ಅವಳ ಮೊಣಕೈವರೆಗೆ ಝುಮ್ಮೆಂದಿತು. ಹಪ್ಪಳದಷ್ಟು ಒಂದು ಚೂರು ಎದ್ದು ಬಂತು.

"ಮಾವ," ಎಂದಳು ಅವಳು, ಉಳಿಯ ತುದಿಯನ್ನೇ ನೋಡುತ್ತ. "ನಿಮ್ಮನ್ನ ದೂರ ಇಡೋಕೆ ಈ ಗುಂಡಿ ಕೊಟ್ಟೆ. ಕೆಲಸ ಅಂತ ಕೊಟ್ಟಿದ್ದಲ್ಲ. ತಪ್ಪಾಯ್ತು."

"ಗೊತ್ತು."

"ಗೊತ್ತಿತ್ತಾ?"

"ನಾನೇನು ಪೆದ್ದನಾ? ಹೇಗೋ ಒಂದು, ಕೈಗೆ ಕೆಲಸ ಬಂತಲ್ಲ ಅಂತ ತಗೊಂಡೆ. ಇಲ್ಲಿ ಹಿಡಿ, ಸ್ವಲ್ಪ ಓರೆ ಮಾಡು."

ಮಧ್ಯಾಹ್ನ ಅತ್ತೆ ಊಟದ ಡಬ್ಬಿ ತಂದರು. ಅವರ ಹಿಂದೆಯೇ ಗಂಡನೂ ಬಂದ. ಗುಂಡಿಯೊಳಗೆ ಬಗ್ಗಿ ನೋಡಿದವನಿಗೆ ಕಂಡದ್ದು ಹೆಂಡತಿಯ ಬೆರಳು, ಅದರ ಮೇಲೆ ನಡುಗುತ್ತ ಎದ್ದ ಸುತ್ತಿಗೆ.

"ಏಯ್! ಬಿಡು ಅದನ್ನ! ಕೈ ಪುಡಿಯಾಗುತ್ತೆ!"

"ಬೆಳಗ್ಗೆಯಿಂದ ಆಗಿಲ್ಲ," ಎಂದಳು ಅವಳು ತಲೆ ಎತ್ತದೆ.

ಅವನು ಧಡಧಡ ಇಳಿದು ಬಂದು ಉಳಿಯನ್ನು ಅವಳ ಕೈಯಿಂದ ಕಿತ್ತುಕೊಂಡ. ಅಪ್ಪನ ಎದುರು ಕುಕ್ಕುರುಗಾಲಿನಲ್ಲಿ ಕೂತು ಹಿಡಿದ. ಮಾವ ಸುತ್ತಿಗೆ ಎತ್ತಿದವರು ಹಾಗೇ ನಿಲ್ಲಿಸಿದರು. ಎಷ್ಟೋ ದಿನದ ಮೇಲೆ ಮಗನೊಂದಿಗೆ ನೇರವಾಗಿ ಮಾತಾಡಿದರು.

"ನಿನ್ನ ಕೈ ಯಾಕೋ ನಡುಗ್ತಿದೆ."

ಮೇಲಿನಿಂದ ಅತ್ತೆ ನಕ್ಕ ನಗು ಬೀದಿಗೆಲ್ಲ ಕೇಳಿಸಿತು. ಗಂಡ ತುಟಿ ಕಚ್ಚಿಕೊಂಡು ಕೈ ಬಿಗಿ ಮಾಡಿದ. "ಹೊಡಿ ಅಪ್ಪ," ಎಂದ. ಅಪ್ಪ ಹೊಡೆದರು.

ತಳ, ಬದಿ ಎಲ್ಲ ಬಿಡಿಸಿ, ಸಂದಿಯ ಸಿಮೆಂಟು ಕೆದಕಿ ತೆಗೆದು, ಗೋಡೆ ಪಕ್ಕದ ಜಲ್ಲಿಯನ್ನು ಮತ್ತೆ ತುಂಬುವ ಹೊತ್ತಿಗೆ ತಿಂಗಳು ಮುಗಿಯುತ್ತ ಬಂದಿತ್ತು. ಬಾಡಿಗೆ ಮನೆಯ ಮೆಟ್ಟಿಲಿನ ಕೆಳಗೆ ಯಜಮಾನತಿಯ ಮೊಮ್ಮಕ್ಕಳ ಸೈಕಲ್ಲು ಆಗಲೇ ಬಂದು ಒರಗಿತ್ತು. ಇನ್‌ಸ್ಪೆಕ್ಟರಮ್ಮ ಟ್ಯಾಂಕರ್ ತರಿಸಿ ನೀರು ಬಿಡಿಸಿ ಹೋದರು. ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ.

ಬೆಳಗ್ಗೆ ಚಪ್ಪಡಿ ಸರಿಸಿದರು. ಒದ್ದೆ ಜಲ್ಲಿ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ನೀರೆಲ್ಲ ಇಳಿದುಹೋಗಿತ್ತು.

ಇನ್‌ಸ್ಪೆಕ್ಟರಮ್ಮ ಬಗ್ಗಿ ಬಹಳ ಹೊತ್ತು ನೋಡಿದರು. "ಚೆನ್ನಾಗಿ ಬಿಡಿಸಿದಾರೆ. ಒಂದು ಕಲ್ಲೂ ಅಲ್ಲಾಡಿಲ್ಲ. ಯಾರು ಮಾಡಿದ್ದು?"

ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿಕೊಂಡಳು. ಇದು ತಾನು ಹೇಳಬೇಕಾದ ಮಾತಲ್ಲ. ಗಂಡನ ಕಡೆ ನೋಡಿದಳು.

"ನಮ್ಮಪ್ಪ ಮೇಡಂ," ಎಂದ. ಅಲ್ಲಿಗೆ ನಿಲ್ಲಿಸಲಿಲ್ಲ. "ಅವತ್ತು ಯಾವನೋ ಕೂಲಿಯವನು ಅಂತ ಸುಳ್ಳು ಹೇಳಿದ್ದೆ. ಆ ಪ್ಲಾಸ್ಟರೂ ನಮ್ಮಪ್ಪಂದೇ."

ಇನ್‌ಸ್ಪೆಕ್ಟರಮ್ಮ ಮೊದಲ ಸಲ ನೆಲ ಬಿಟ್ಟು ಮನುಷ್ಯರ ಮುಖ ನೋಡಿದರು. ಮಾವ ಅಂಗಿಯ ತೋಳು ಇಳಿಸಿಕೊಳ್ಳುತ್ತ ಮುಂದೆ ಬಂದರು.

"ಒಡೆದಿದ್ದು ಬಿಡಿ ತಾಯಿ, ಯಾವ ಕೂಲಿಯವನಾದ್ರೂ ಒಡೀತಾನೆ. ಆ ಪ್ಲಾಸ್ಟರ್ ಹೇಗಿತ್ತು, ಅದು ಹೇಳಿ."

ಇನ್‌ಸ್ಪೆಕ್ಟರಮ್ಮ ಪತ್ರಕ್ಕೆ ಸಹಿ ಹಾಕುತ್ತಿದ್ದವರು ಪೆನ್ನು ನಿಲ್ಲಿಸಿದರು. "ಒಂದು ಹನಿ ಇಳಿದಿರಲಿಲ್ಲ ಯಜಮಾನ್ರೇ."

ಮಾವ ಮಗನ ಕಡೆ ತಿರುಗಿದರು.

"ಕೇಳಿಸ್ತೇನೋ?"